ಲಿಂಕನ್ನರ ಎರಡು ಭಾಷಣಗಳು ಮತ್ತು ಮೆಚ್ಚದವರು

ಮಾನ್ಯರೇ,

ಅಧ್ಯಕ್ಷರೊಬ್ಬರ ಪದಗ್ರಹಣ ಭಾಷಣಕ್ಕೆ ಮಿಶ್ರ ಪ್ರತಿಕ್ರಿಯೆ ಬಂದಾಗ, ಮೆಚ್ಚದವರು ಪೂರ್ವಗ್ರಹದಿಂದ ಕೇಳಿದರು ಎಂದು ತೀರ್ಮಾನಿಸುವುದು ವಾಡಿಕೆ. ಅಮೆರಿಕದ ಅಬ್ರಹಾಂ ಲಿಂಕನ್ನರ ಎರಡು ಪದಗ್ರಹಣ ಭಾಷಣಗಳನ್ನು ಮುಂದಿಟ್ಟುಕೊಂಡು ನೋಡಿದರೆ ಈ ತೀರ್ಮಾನ ನಿಲ್ಲುವುದಿಲ್ಲ. ಅಲ್ಲಿ ಮುನಿದವರಲ್ಲಿ ಅನೇಕರು ಬಹಳ ಎಚ್ಚರದಿಂದ ಓದಿದವರೇ ಆಗಿದ್ದರು.

1861ರ ಮಾರ್ಚ್ 4ರಂದು ಲಿಂಕನ್ ಪ್ರಮಾಣವಚನ ಸ್ವೀಕರಿಸುವ ಹೊತ್ತಿಗೆ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದಕ್ಷಿಣದ ಏಳು ರಾಜ್ಯಗಳು ಅಮೆರಿಕದ ಒಕ್ಕೂಟದಿಂದ ಹೊರನಡೆದಿದ್ದವು. ವರ್ಜೀನಿಯಾದಂಥ ರಾಜ್ಯಗಳು ಇನ್ನೂ ಹೊಯ್ದಾಡುತ್ತಿದ್ದವು. ಭಾಷಣದ ಕರಡು ಶಾಂತಿಯೋ ಖಡ್ಗವೋ ಎಂಬ ಪ್ರಶ್ನೆಯೊಂದಿಗೆ ಮುಗಿಯುತ್ತಿತ್ತು. ಅದು ತೀರ ಬಿರುಸಾಯಿತೆಂದು, ಲಿಂಕನ್ನರ ವಿದೇಶಾಂಗ ಸಚಿವರಾಗಲಿದ್ದ ವಿಲಿಯಂ ಸೀವಾರ್ಡ್ ಮೃದುವಾದ ಮುಕ್ತಾಯವೊಂದನ್ನು ಬರೆದುಕೊಟ್ಟರು, ಲಿಂಕನ್ ಅದನ್ನು ತಿದ್ದಿ ತಮ್ಮದಾಗಿಸಿಕೊಂಡರು. ಆದರೆ ದಕ್ಷಿಣದ ಹಲವು ಪತ್ರಿಕೆಗಳ ಕಣ್ಣು ಆ ಮುಕ್ತಾಯದ ಮೇಲೆ ನಿಲ್ಲಲೇ ಇಲ್ಲ. ಒಕ್ಕೂಟ ಸರ್ಕಾರಕ್ಕೆ ಸೇರಿದ ಸ್ವತ್ತುಗಳನ್ನೂ ನೆಲೆಗಳನ್ನೂ ತಮ್ಮ ಅಧಿಕಾರದಿಂದ ಕಾಪಾಡಿಕೊಳ್ಳುವುದಾಗಿಯೂ ಸುಂಕ ವಸೂಲು ಮಾಡುವುದಾಗಿಯೂ ಹೇಳುವ ವಾಕ್ಯವನ್ನು ಹಿಡಿದುಕೊಂಡು, ಇದು ಯುದ್ಧಘೋಷಣೆಯೇ ಸರಿ ಎಂದು ಅವು ಬರೆದವು. (ಧ್ವನಿವರ್ಧಕವಿಲ್ಲದ ಕಾಲವದು; ಭಾಷಣವನ್ನು ಕಿವಿಯಾರೆ ಕೇಳಿದವರಿಗಿಂತ ಪತ್ರಿಕೆಯಲ್ಲಿ ಓದಿದವರೇ ಹೆಚ್ಚು, ಒಂದು ವಾಕ್ಯವನ್ನು ಹೆಕ್ಕಿ ತೆಗೆಯುವ ಅನುಕೂಲ ಓದುಗರಿಗೆ ಇದ್ದೇ ಇರುತ್ತದೆ.)

ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಪತ್ರಿಕೆ ನಡೆಸುತ್ತಿದ್ದ ಫ್ರೆಡ್ರಿಕ್ ಡಗ್ಲಸ್ ಅವರನ್ನು ಕೆರಳಿಸಿದ್ದು ಅದೇ ಭಾಷಣದ ಬೇರೆ ಮಾತು. ಗುಲಾಮಗಿರಿ ಜಾರಿಯಲ್ಲಿರುವ ರಾಜ್ಯಗಳಲ್ಲಿ ಅದರ ತಂಟೆಗೆ ಹೋಗುವ ಉದ್ದೇಶ ತಮಗಿಲ್ಲವೆಂದು ಲಿಂಕನ್ ಭರವಸೆ ಕೊಟ್ಟಿದ್ದರು. ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸಬೇಕೆಂಬ ಸಂವಿಧಾನದ ವಿಧಿಯನ್ನೂ ಒಪ್ಪಿಕೊಂಡಿದ್ದರು. ಒಬ್ಬರಿಗೆ ಬೆದರಿಕೆಯಾಗಿಯೂ ಇನ್ನೊಬ್ಬರಿಗೆ ಶರಣಾಗತಿಯಾಗಿಯೂ ಕಂಡ ಈ ಎರಡು ಮಾತುಗಳೂ ಭಾಷಣದಲ್ಲಿದ್ದವು, ಯಾರೂ ಇಲ್ಲದ್ದನ್ನು ಕಲ್ಪಿಸಿಕೊಂಡಿರಲಿಲ್ಲ. ಹೊಯ್ದಾಡುತ್ತಿದ್ದ ರಾಜ್ಯಗಳನ್ನು ಉಳಿಸಿಕೊಳ್ಳಬೇಕು, ಒಕ್ಕೂಟವನ್ನೂ ಬಿಟ್ಟುಕೊಡಬಾರದು ಎಂಬ ಇಕ್ಕಟ್ಟಿನಲ್ಲಿ ಬರೆದ ಭಾಷಣವೇ ಇಬ್ಬಗೆಯದಾಗಿತ್ತು ಎಂಬುದು ನನ್ನ ಎಣಿಕೆ. ಏಪ್ರಿಲ್ 12ರಂದು, ದಕ್ಷಿಣದಲ್ಲಿದ್ದರೂ ಒಕ್ಕೂಟದ ವಶದಲ್ಲೇ ಉಳಿದಿದ್ದ ಫೋರ್ಟ್ ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರ ಫಿರಂಗಿಗಳು ಸಿಡಿದವು, ಉತ್ತರ ದಕ್ಷಿಣಗಳ ನಡುವಿನ ಅಂತರ್ಯುದ್ಧ ಶುರುವಾಯಿತು.

1865ರ ಮಾರ್ಚ್ 4ರ ಎರಡನೆಯ ಭಾಷಣ ಕೇವಲ 700 ಪದಗಳಷ್ಟಿತ್ತು. ಗೆಲುವು ಹತ್ತಿರವಾಗಿದ್ದರಿಂದ ಉತ್ತರದವರು ವಿಜಯೋತ್ಸವದ ಮಾತನ್ನು ನಿರೀಕ್ಷಿಸಿದ್ದರೆ ಅದು ಸಹಜವೇ. ಲಿಂಕನ್ ಆಡಿದ್ದು ಬೇರೆ: ಎರಡೂ ಕಡೆಯವರು ಓದುವುದು ಒಂದೇ ಬೈಬಲ್ಲು, ಪ್ರಾರ್ಥಿಸುವುದು ಒಬ್ಬನೇ ದೇವರನ್ನು, ಈ ಯುದ್ಧವು ಗುಲಾಮಗಿರಿಯ ಪಾಪಕ್ಕಾಗಿ ಉತ್ತರಕ್ಕೂ ದಕ್ಷಿಣಕ್ಕೂ ಒಟ್ಟಿಗೇ ವಿಧಿಸಿದ ಶಿಕ್ಷೆಯಾಗಿರಬಹುದು. ನ್ಯೂಯಾರ್ಕ್ ವರ್ಲ್ಡ್, ಶಿಕಾಗೊ ಟೈಮ್ಸ್‌ನಂಥ ವಿರೋಧಿ ಪತ್ರಿಕೆಗಳು ಕಟುವಾಗಿ ಟೀಕಿಸಿದವು. ಲಿಂಕನ್ನರಿಗೆ ಇದು ಅನಿರೀಕ್ಷಿತವೇನಲ್ಲ. ಮಾರ್ಚ್ 15ರಂದು ನ್ಯೂಯಾರ್ಕಿನ ರಾಜಕೀಯ ಮುಖಂಡ ಥರ್ಲೊ ವೀಡ್ ಅವರಿಗೆ ಬರೆದ ಪತ್ರದಲ್ಲಿ, ಈ ಭಾಷಣ ಬಾಳಿಕೆ ಬರುತ್ತದೆ, ಆದರೆ ಸದ್ಯಕ್ಕೆ ಜನಪ್ರಿಯವಲ್ಲ, ದೇವರ ಉದ್ದೇಶಕ್ಕೂ ಮನುಷ್ಯರ ಉದ್ದೇಶಕ್ಕೂ ವ್ಯತ್ಯಾಸವಿತ್ತೆಂದು ತೋರಿಸಿಕೊಟ್ಟರೆ ಜನರಿಗೆ ಹಿತವಾಗುವುದಿಲ್ಲ ಎಂದರು.

ಎರಡನೆಯ ಭಾಷಣದ ದಿನ ಸಂಜೆ ಶ್ವೇತಭವನದ ಬಾಗಿಲಲ್ಲಿ ಡಗ್ಲಸ್ ಅವರನ್ನು ಪೊಲೀಸರು ತಡೆದರು. ವಿಷಯ ಲಿಂಕನ್ನರಿಗೆ ತಲುಪಿದ ಮೇಲಷ್ಟೇ ಒಳಗೆ ಪ್ರವೇಶ ಸಿಕ್ಕಿತು. ಭಾಷಣ ಹೇಗನಿಸಿತು, ನಿಮ್ಮ ಅಭಿಪ್ರಾಯಕ್ಕಿಂತ ಬೆಲೆಯುಳ್ಳದ್ದು ನನಗೆ ಬೇರೊಂದಿಲ್ಲ ಎಂದು ಅಧ್ಯಕ್ಷರು ಎಲ್ಲರೆದುರು ಕೇಳಿದರು. ಅದೊಂದು ಪವಿತ್ರ ಪ್ರಯತ್ನ ಎಂದು ಡಗ್ಲಸ್ ಉತ್ತರಿಸಿದರು. ನಾಲ್ಕು ವರ್ಷದ ಹಿಂದೆ ಖಂಡಿಸಿದವರೇ ಈಗ ಮೆಚ್ಚಿದರು. ಅವರ ಅಳತೆಗೋಲು ಬದಲಾಗಿರಲಿಲ್ಲ, ಬದಲಾದದ್ದು ಲಿಂಕನ್ನರ ಮಾತು.

ಏಪ್ರಿಲ್ 14ರ ರಾತ್ರಿ ಲಿಂಕನ್ನರಿಗೆ ಗುಂಡೇಟು ಬಿತ್ತು, ಮರುದಿನ ಬೆಳಿಗ್ಗೆ ಅವರು ತೀರಿಕೊಂಡರು. ಅಲ್ಲಿಂದಾಚೆಗೆ ಬಂದ ಹೊಗಳಿಕೆಯಲ್ಲಿ ಭಾಷಣದ ಪಾಲೆಷ್ಟು, ಶೋಕದ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಆ ಭಾಷಣವನ್ನು ಸಮಕಾಲೀನರು ಭಾಷಣವಾಗಿಯೇ ತೂಗಿ ನೋಡಿದ್ದು ಅದಕ್ಕೆ ಹಿಂದಿನ ಆರು ವಾರಗಳಲ್ಲಿ ಮಾತ್ರ. ಅಂದಿನ ಟೀಕೆಗಳನ್ನು ನಾವು ಈಗಲೂ ಓದಬೇಕಾದದ್ದು ಅದಕ್ಕಾಗಿಯೇ.