ಆಚೆ ದೋಣಿಯಿಂದ ಬಂದ ಉತ್ತರ

ಕೇಳುಗರೇ, ನಮಸ್ಕಾರ.

ಚೀನಾದ ಶಾಲೆಗಳಲ್ಲಿ ಮಕ್ಕಳು ಬಾಯಿಪಾಠ ಮಾಡುವ ಒಂದು ಹಳೆಯ ಬರಹ ಇದೆ. 1046ರಲ್ಲಿ ಫಾನ್ ಝೊಂಗ್‌ಯಾನ್ ಎಂಬ ಅಧಿಕಾರಿ ಬರೆದದ್ದು. ಡೊಂಗ್‌ಟಿಂಗ್ ಸರೋವರದ ದಡದಲ್ಲಿ ಯುಯೆಯಾಂಗ್ ಅನ್ನುವ ಊರು. ಅಲ್ಲಿನ ಗೋಪುರವನ್ನು ಅವರ ಗೆಳೆಯರು ಹೊಸದಾಗಿ ಕಟ್ಟಿಸಿದ್ದರು. ಅದರ ಬಗ್ಗೆ ಬರೆಯುತ್ತಾ ಬೆಳದಿಂಗಳ ನೀರಿನ ಹತ್ತಿರ ಬಂದಾಗ ಅವರು ಹೇಳುತ್ತಾರೆ: ಮೀನುಗಾರರ ಹಾಡುಗಳು ಒಂದಕ್ಕೊಂದು ಉತ್ತರ ಕೊಡುತ್ತವೆ. ಚೀನೀ ಭಾಷೆಯಲ್ಲಿ ಅದು ನಾಲ್ಕೇ ಅಕ್ಷರ.

ಆ ನಾಲ್ಕು ಅಕ್ಷರ ನನಗೆ ತುಂಬಾ ಇಷ್ಟ. ಈ ದೋಣಿಯಿಂದ ಒಂದು ಸೊಲ್ಲು, ಆಚೆ ದೋಣಿಯಿಂದ ಅದಕ್ಕೆ ಇನ್ನೊಂದು. ಆದರೆ ಒಂದು ಬೇಸರವೂ ಇದೆ. ಏನು ಹಾಡಿದರು? ಫಾನ್ ಅದನ್ನು ಬರೆಯಲಿಲ್ಲ. ಅವರಿಗೂ ಮೊದಲು, ಏಳನೇ ಶತಮಾನದಲ್ಲಿ, ವಾಂಗ್ ಬೊ ಎಂಬ ತರುಣ ಕವಿ ಪೊಯಾಂಗ್ ಸರೋವರದ ಸಂಜೆಯನ್ನು ವರ್ಣಿಸಿದ್ದರು. ಮೀನು ದೋಣಿಯ ಹಾಡು ದಡದ ಕೊನೆವರೆಗೂ ಕೇಳುತ್ತದೆ ಅಂದರು. ಅಲ್ಲೂ ಅಷ್ಟೇ. ದನಿ ಸಿಗುತ್ತದೆ, ಪದ ಸಿಗುವುದಿಲ್ಲ.

ಪದ ಬೇಕಾದರೆ ದೋಣಿಯ ಹತ್ತಿರ ಹೋಗಬೇಕು, ಅಲ್ವಾ? ಸುಝೌ ನಗರದ ಪಕ್ಕದ ತಾಯ್‌ಹು ಸರೋವರಕ್ಕೆ ಹೋಗೋಣ. ಹರವು 2,300 ಚದರ ಕಿಲೋಮೀಟರಿಗೂ ಜಾಸ್ತಿ. ಆಳ ಮಾತ್ರ ಸರಾಸರಿ 2 ಮೀಟರ್. ಅಲ್ಲಿ ಏಳು ಪಟಸ್ತಂಭದ ದೊಡ್ಡ ಹಾಯಿದೋಣಿಗಳಿದ್ದವು. ಮನೆಮಂದಿಯೆಲ್ಲ ಅದರಲ್ಲೇ ಬಾಳುತ್ತಿದ್ದರು. ಅವರಿಗೆ ದಡದಲ್ಲಿ ಹೊಲ ಇಲ್ಲ, ಮನೆ ಇಲ್ಲ. ದೇವರು ಮಾತ್ರ ಇದ್ದ.

ಆ ದೇವರ ಪದಗಳಿಗೆ ಝಾನ್‌ಶೆನ್‌ಗೆ ಅಂತ ಹೆಸರು. ಅಂದರೆ ದೇವರನ್ನು ಹೊಗಳುವ ಹಾಡು. ಒಬ್ಬರು ಹೇಳಿಕೊಡುತ್ತಾರೆ, ಉಳಿದವರು ಸೊಲ್ಲಿನ ಕೊನೆ ಹಿಡಿದು ದನಿ ಸೇರಿಸುತ್ತಾರೆ. ಅದರಲ್ಲಿ ಮತ್ತೆ ಮತ್ತೆ ಬರುವವನು ಲಿಯು ಮೆಂಗ್‌ಜಿಯಾಂಗ್. ನಿಜ ಹೇಳಬೇಕೆಂದರೆ ಅವನು ರೈತರ ದೇವರು, ಬೆಳೆಗೆ ಬಿದ್ದ ಮಿಡತೆಗಳನ್ನು ಓಡಿಸುವವನು. ಮೀನುಗಾರರಿಗೆ ಅವನು ಯಾಕೆ ಬೇಕು? ಕತೆ ಕೇಳಿ. ತಾಯಿ ಸತ್ತ ಹುಡುಗ. ಮಲತಾಯಿಯ ಕಾಟ. ಕೊನೆಗೆ ಅವನನ್ನು ನೀರಿಗೇ ತಳ್ಳುತ್ತಾರೆ. ಹುಡುಗ ಮುಳುಗುವುದಿಲ್ಲ. ತೇಲಿಕೊಂಡು ತಾಯಿಯ ತವರಿಗೆ, ಅಜ್ಜನ ಮನೆಗೆ ಸೇರುತ್ತಾನೆ. ನೀರಿಗೆ ಬಿದ್ದೂ ಬದುಕಿದ ಈ ಅನಾಥ ಹುಡುಗನನ್ನು ದೋಣಿಯವರು ತಮ್ಮವನು ಅಂದುಕೊಂಡರೆ ಅದರಲ್ಲಿ ಆಶ್ಚರ್ಯ ಇಲ್ಲ ಅಂತ ನನಗನ್ನಿಸುತ್ತದೆ.

ಏಪ್ರಿಲ್ ಮೊದಲ ವಾರದಲ್ಲಿ ಚೀನೀಯರು ಹಿರಿಯರ ಸಮಾಧಿಗೆ ನಮಿಸುವ ಛಿಂಗ್‌ಮಿಂಗ್ ಹಬ್ಬ ಬರುತ್ತದೆ. ಆ ಹೊತ್ತಿಗೆ ಜಿಯಾಶಿಂಗ್ ನಗರದ ಹತ್ತಿರದ ಲಿಯಾನ್‌ಸಿದಾಂಗ್ ಕೆರೆಯ ದಡದಲ್ಲಿ ಇವನ ಜಾತ್ರೆ. ಹೆಸರೇ ಬಲೆದೋಣಿಗಳ ಜಾತ್ರೆ. ದೂರದ ನೀರಿನಿಂದೆಲ್ಲ ದೋಣಿಗಳು ಬಂದು ಒಂದಕ್ಕೊಂದು ಒರಗಿ ನಿಲ್ಲುತ್ತಿದ್ದವು. 2011ರಲ್ಲಿ ಚೀನಾ ಸರ್ಕಾರ ಇದನ್ನು ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಸೀಮೆಯ ಹಾಡುಗಳಿಗೆ ಶಾನ್‌ಗೆ, ಅಂದರೆ ಬೆಟ್ಟದ ಹಾಡು ಅಂತಲೂ ಕರೆಯುತ್ತಾರೆ. ನೆಲ ಮಾತ್ರ ಅಂಗೈಯಷ್ಟು ಚಪ್ಪಟೆ, ಎಲ್ಲಿ ನೋಡಿದರೂ ಕಾಲುವೆ. ಹದಿನೇಳನೇ ಶತಮಾನದ ಶುರುವಿನಲ್ಲೇ ಸುಝೌದ ಫೆಂಗ್ ಮೆಂಗ್‌ಲೊಂಗ್ ಇಂಥ ಹಾಡುಗಳನ್ನು ಜನರ ಆಡುಮಾತಿನಲ್ಲೇ ಬರೆದಿಟ್ಟರು. ಪಂಡಿತರ ಭಾಷೆಗೆ ತಿದ್ದಲಿಲ್ಲ. ಅದಕ್ಕೆ ಅವರಿಗೊಂದು ನಮಸ್ಕಾರ. ನಮ್ಮ ಕಾಲದಲ್ಲಿ ಡಚ್ ವಿದುಷಿ ಆಂಟೊನೆಟ್ ಶಿಮೆಲ್‌ಪೆನಿಂಕ್ ಹಳ್ಳಿ ಹಳ್ಳಿ ತಿರುಗಿ ಹಾಡುವವರ ಮುಂದೆ ಕೂತರು. ಅವರು ಕಂಡದ್ದು ಬಹಳ ಸೊಗಸಾದ ಸಂಗತಿ. ಒಂದು ಸೀಮೆಯಲ್ಲಿ ಹೆಚ್ಚಾಗಿ ಒಂದೇ ಮಟ್ಟು. ಪ್ರೀತಿ, ಕಷ್ಟ, ತಮಾಷೆ, ಎಲ್ಲಕ್ಕೂ ಅದೇ. ಪದ ಮಾತ್ರ ಬೇರೆ ಬೇರೆ. ನಮ್ಮ ಬೀಸುವ ಪದ ಕೇಳಿ ಬೆಳೆದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಮಟ್ಟು ಎಲ್ಲರ ಬಾಯಲ್ಲೂ ಇದ್ದರೆ ಆಚೆಯವರು ಆಗಿಂದಾಗ್ಗೆ ಉತ್ತರ ಕಟ್ಟಬಹುದು.

ಈಗಿನ ಸುದ್ದಿ ಹೇಳುತ್ತೇನೆ. ತಾಯ್‌ಹುವಿನಲ್ಲಿ 2020ರ ಅಕ್ಟೋಬರ್‌ನಿಂದ ಮೀನುಗಾರಿಕೆ ನಿಂತಿದೆ. 2021ರ ಜನವರಿ 1ರಿಂದ ಯಾಂಗ್‌ಟ್ಸೆ ನದಿ, ಪೊಯಾಂಗ್, ಡೊಂಗ್‌ಟಿಂಗ್ ಎಲ್ಲ ಕಡೆ ಹತ್ತು ವರ್ಷದ ನಿಷೇಧ. ಸುಮಾರು 2,30,000 ಮೀನುಗಾರರು ಬಲೆ ಕೆಳಗಿಟ್ಟರು. ನೀರಿನಲ್ಲಿ ಮೀನು ಬರಿದಾಗಿತ್ತು, ಬೇರೆ ದಾರಿ ಇರಲಿಲ್ಲ. ಆ ನೀರಿನಲ್ಲಿ ಬೆನ್ನ ಮೇಲೆ ರೆಕ್ಕೆಯಿಲ್ಲದ ಹಂದಿಮೀನುಗಳಿವೆ, ಹೆಸರು ಮೀನಾದರೂ ಡಾಲ್ಫಿನ್‌ನ ಹತ್ತಿರದ ನೆಂಟ ಪ್ರಾಣಿಗಳು. ಅವು 2017ರಲ್ಲಿ 1,012 ಇದ್ದವು, 2022ರ ಎಣಿಕೆಯಲ್ಲಿ 1,249 ಆದವು. ಅದು ಕೇಳಿ ನನಗೆ ನಿಜವಾಗಿ ಸಂತೋಷ ಆಯಿತು.

ಆದರೆ ನಿಷೇಧದ ದಿನ ಹುಟ್ಟಿದ ಮಗುವಿಗೆ ಹತ್ತು ತುಂಬುವ ತನಕ ಅಪ್ಪ ಆ ನೀರಿಗೆ ಬಲೆ ಬೀಸಿದ್ದು ಕಾಣುವುದಿಲ್ಲ. ಹಾಡು ಬಲ್ಲ ಹಿರಿಯರು ಈಗ ದಡದ ಮನೆಗಳಲ್ಲಿದ್ದಾರೆ. ಅವರ ಹಾಡು ಧ್ವನಿಮುದ್ರಿಸಲು ಹೋಗುವವರಲ್ಲಿ ನನ್ನದೊಂದು ಕೋರಿಕೆ. ಒಬ್ಬರನ್ನೇ ಮೈಕಿನ ಮುಂದೆ ಕೂರಿಸಬೇಡಿ. ಇಬ್ಬರನ್ನು ಕರೆಯಿರಿ. ನಡುವೆ ಒಂದಿಷ್ಟು ದೂರ ಬಿಡಿ. ಮೊದಲನೆಯವರು ಹಾಡಿ ಮುಗಿಸಿದ ಮೇಲೂ ಯಂತ್ರ ನಿಲ್ಲಿಸಬೇಡಿ.

ನಮಸ್ಕಾರ.