ಕೊನೇ ಸಾಲು ಮೊದ್ಲು ಓದಿ ಮಾರಾಯ್ರೆ

ಎಲ್ರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳ್ತದಾ? ಸರಿ. ಉಡುಪಿಯ ಈ ಮಳೆಗೆ ಇಷ್ಟು ಜನ ಬಂದದ್ದೇ ದೊಡ್ಡದು. ನಂಗೆ ಹೇಳ್ಲಿಕ್ಕಿರುವುದು ಒಂದೇ, ನಾವು ಪ್ರೋಗ್ರಾಂ ಬರೆಯುವ ಪೈಥಾನ್ ಭಾಷೆ ಎರರ್ ಕೊಟ್ಟ ಕೂಡ್ಲೇ ಕೋಡ್ ತಿದ್ಲಿಕ್ಕೆ ಹೋಗ್ಬೇಡಿ, ಮೊದ್ಲು ಟ್ರೇಸ್‌ಬ್ಯಾಕಿನ, ಅಂದ್ರೆ ತಪ್ಪು ಎಲ್ಲಿ ಆಯ್ತು ಅಂತ ಪೈಥಾನ್ ತೋರಿಸುವ ವರದಿಯ, ಕೊನೇ ಸಾಲು ಓದಿ.

ನಮ್ಮಲ್ಲಿಗೆ ಕಲೀಲಿಕ್ಕೆ ಬರ್ತಿದ್ದ ಒಬ್ಳು ಹುಡುಗಿ, ಮಲ್ಪೆಯವ್ಳು, ಅಪ್ಪಂದು ಮೀನಿನ ವ್ಯಾಪಾರ. ಜೂನ್ ಜುಲೈ 61 ದಿನ ಬೋಟು ಕಡಲಿಗೆ ಇಳಿಯುದಿಲ್ಲ ಅಲ್ವಾ, ಆ ಪುರುಸೊತ್ತಲ್ಲಿ ಅಪ್ಪನ ಹಳೇ ಚೀಟಿ ಎದುರು ಇಟ್ಕೊಂಡು ಲೆಕ್ಕದ ಪ್ರೋಗ್ರಾಂ ಬರೀಲಿಕ್ಕೆ ಕೂತ್ಳು. ಫೈಲಿನ ಒಂದೊಂದು ಸಾಲಲ್ಲಿ ಮೀನಿನ ಹೆಸ್ರು, ಒಂದು ಸ್ಪೇಸ್, ಮತ್ತೆ ರೂಪಾಯಿ. ಬಂಗುಡೆ, ಬೂತಾಯಿ, ಕಾಣೆ, ಅಂಜಲ್, ಹೀಗೆ 8 ಸಾಲು. ಸಾಲನ್ನು ಸ್ಪ್ಲಿಟ್ ಮಾಡಿ, ಅಂದ್ರೆ ಸ್ಪೇಸ್ ಇದ್ದಲ್ಲಿ ತುಂಡು ಮಾಡಿ ಲಿಸ್ಟ್ ಮಾಡಿ, ಇಂಡೆಕ್ಸ್ 1ರಲ್ಲಿ ಇದ್ದ ರೂಪಾಯಿಯನ್ನು ಕೂಡಿಸುವುದು, ಅಷ್ಟೇ. ಇಂಡೆಕ್ಸ್ ಅಂದ್ರೆ ಲಿಸ್ಟಲ್ಲಿ ಐಟಂ ಇರುವ ಜಾಗದ ನಂಬರ್, ಎಣಿಕೆ ಸೊನ್ನೆಯಿಂದ ಶುರು. ರನ್ ಮಾಡಿದ್ರೆ ಲಿಸ್ಟ್ ಇಂಡೆಕ್ಸ್ ಔಟ್ ಆಫ್ ರೇಂಜ್, ಅಂದ್ರೆ ಆ ನಂಬರಿನ ಐಟಂ ಲಿಸ್ಟಲ್ಲೇ ಇಲ್ಲ!

ಅವಳು ಎಂತ ಮಾಡಿದ್ಳು, 1 ಇದ್ದದ್ದನ್ನು 0 ಮಾಡಿದ್ಳು, ಅದು ವ್ಯಾಲ್ಯೂ ಎರರ್, ಬಂಗುಡೆ ಅನ್ನುವ ಶಬ್ದವನ್ನು ಇಂಟಿಜರ್ ಮಾಡ್ಲಿಕ್ಕೆ ಆಗ್ತದಾ ಮಾರಾಯ್ರೆ? 2 ಮಾಡಿದ್ಳು, ಮೊದಲ ಸಾಲಿಗೇ ಬಿತ್ತು. ಮೈನಸ್ 1, ಅಂದ್ರೆ ಕೊನೇ ಐಟಂ, ಹಾಕಿದ್ಳು, ಪುನಃ ಮೊದಲಿನ ಎರರೇ. ನಾನು ಹೇಳಿದೆ, ನೀನು ಕೊನೇ ಸಾಲು ಓದಿದ್ಯಾ, ಅದ್ರ ಮೇಲೆ ಯಾವ ಲೈನು ಅಂತ ಉಂಟಲ್ಲ, ಆ ಲೈನಿನ ಮುಂಚೆ ಲಿಸ್ಟನ್ನು ತೋರಿಸುವ ಒಂದು ಪ್ರಿಂಟ್ ಹಾಕು. ಹಾಕಿದ್ಳು. ಎಂಟು ಲಿಸ್ಟ್ ಚಂದ ಬಂತು, ಒಂಬತ್ತನೇದು ಬರೀ ಖಾಲಿ ಬ್ರ್ಯಾಕೆಟ್. ಫೈಲಿನ ಕೊನೆಗೆ ಎಂಟರ್ ಒಂದು ಜಾಸ್ತಿ ಒತ್ತಿದ್ಳು! ಖಾಲಿ ಸಾಲನ್ನು ಸ್ಪ್ಲಿಟ್ ಮಾಡಿದ್ರೆ ಖಾಲಿ ಲಿಸ್ಟ್, ಅದ್ರಲ್ಲಿ ಸೊನ್ನೆಯೂ ಇಲ್ಲ, ಒಂದೂ ಇಲ್ಲ.

ಕತೆ ಇಲ್ಲಿಗೆ ಮುಗಿಲಿಲ್ಲ. ಯಾರೋ ಬುದ್ಧಿವಂತ ಹೇಳಿದ ಅಂತ ಟ್ರೈ, ಎಕ್ಸೆಪ್ಟ್, ಪಾಸ್ ಹಾಕಿಬಿಟ್ಳು, ಅಂದ್ರೆ ಎರರ್ ಬಂದ್ರೆ ಸುಮ್ಮನೆ ಮುಂದೆ ಹೋಗು ಅಂತ. ಎರರ್ ಮಾಯ, ಇವಳಿಗೆ ಖುಷಿಯೋ ಖುಷಿ. ಆಗಸ್ಟಲ್ಲಿ ಬೋಟು ಹೋಯ್ತು, ವ್ಯಾಪಾರ ಶುರು, ಒಂದು ದಿನ ಟೋಟಲ್ ಸಿಕ್ಕಾಪಟ್ಟೆ ಕಡಿಮೆ. ನೋಡಿದ್ರೆ ಅವಸರದಲ್ಲಿ ಅಂಜಲ್ ಮತ್ತು ರೂಪಾಯಿಯ ನಡುವೆ ಸ್ಪೇಸ್ ಬಿಟ್ಟಿರ್ಲಿಲ್ಲ, ಲಿಸ್ಟಲ್ಲಿ ಒಂದೇ ಐಟಂ, ಪ್ರೋಗ್ರಾಂ ಬಾಯಿ ಮುಚ್ಚಿ ದಾಟಿ ಹೋಯ್ತು. ಬೂತಾಯಿ ಹೋದ್ರೆ ಹೋಗ್ಲಿ ಅನ್ಬಹುದು, ಹೋದದ್ದು ದುಬಾರಿ ಮೀನು ಅಂಜಲ್! ಎರರ್ ಬಂದಿದ್ರೆ ಅವತ್ತೇ ಗೊತ್ತಾಗ್ತಿತ್ತು. ಸಾಲಿನ ಆಚೀಚೆಯ ಸ್ಪೇಸನ್ನು ಸ್ಟ್ರಿಪ್ ಮಾಡಿ ತೆಗ್ದು ನೋಡಿ, ಖಾಲಿ ಇದ್ರೆ ಬಿಟ್ಬಿಡಿ, ಎರಡು ಐಟಂ ಇಲ್ಲದ ಸಾಲನ್ನು ಮಾತ್ರ ನಂಬರ್ ಸಮೇತ ಪ್ರಿಂಟ್ ಮಾಡಿ ತೋರಿಸಿ.

ಹಾಂ, ನಂಗೆ ಚೀಟಿ ಬಂತು, ಇನ್ನು ಐದೇ ನಿಮಿಷವಂತೆ. ಈ ಇಂಡೆಕ್ಸ್ ಎರರಿಗೆ ಬೇರೆ ಕಾರಣ ಬೇಗ ಹೇಳ್ತೇನೆ. 8 ಐಟಂ ಇದ್ರೆ ಕೊನೇ ಇಂಡೆಕ್ಸ್ 7. ಸೊನ್ನೆಯಿಂದ ಎಣಿಸುವುದು ಯಾಕೆ ಅಂತ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1982ರಲ್ಲೇ ಬರೆದಿಟ್ಟಿದ್ದಾರೆ, ಅದಕ್ಕೆ ಬೇರೆಯೇ ಒಂದು ದಿನ ಬೇಕು. ಪಕ್ಕದ ಐಟಂ ಜೊತೆ ಹೋಲಿಸುವಾಗ ಲೂಪನ್ನು, ಅಂದ್ರೆ ಒಂದೊಂದೇ ಐಟಂ ನೋಡ್ತಾ ಹೋಗುವುದನ್ನು, ಒಂದು ಮುಂಚೆ ನಿಲ್ಲಿಸಿ. ಲೂಪಿನೊಳಗೆ ಅದೇ ಲಿಸ್ಟಿಂದ ಪಾಪ್ ಮಾಡಿ ಐಟಂ ತೆಗೀಬೇಡಿ, ಉದ್ದ ಕಡಿಮೆ ಆಗ್ತಾ ಹೋಗ್ತದೆ, ಲೂಪ್ ಎಣಿಸುವ ರೇಂಜ್ ಹಳೇದೇ ಇರ್ತದೆ.

ಪ್ರಶ್ನೆ ಇದ್ದವರು ಊಟದ ಹೊತ್ತಿಗೆ ಸಿಗಿ. ಎರರಿನ ಫೋಟೋ ವಾಟ್ಸಾಪ್ ಮಾಡುವವರು ದಯವಿಟ್ಟು ಕೊನೇ ಸಾಲು ಕಟ್ ಮಾಡಿ ಕಳಿಸ್ಬೇಡಿ.