ಹಂಡೆ ಒಲೆಗೆ ಹೋದ ಬೇರು

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮುಂಚೆ ಈ ತಟ್ಟೆಯನ್ನು ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸಿ. ಅದರಲ್ಲಿರುವ ತೊಗಟೆ ಚೂರನ್ನು ಮುರಿಯಲು ನೋಡಿ. ಮುರಿಯುವುದಿಲ್ಲ. ಉದ್ದಕ್ಕೆ ಎಳೆಯಿರಿ, ನಾರುನಾರಾಗಿ ಸೀಳುತ್ತದೆ, ಸಣ್ಣಗೆ ಪುಡಿಯೂ ಹಾರುತ್ತದೆ. ಚೀನಾದ ಸರ್ಕಾರಿ ಔಷಧ ಗ್ರಂಥದಲ್ಲಿ ಇದರ ಗುರುತು ಅಂತ ಬರೆದಿರುವುದೂ ಇದನ್ನೇ. ಹೆಸರು ಸಾಂಗ್ ಬಾಯ್ ಪೀ. ಸಾಂಗ್ ಅಂದರೆ ಹಿಪ್ಪುನೇರಳೆ, ಬಾಯ್ ಅಂದರೆ ಬಿಳಿ, ಪೀ ಅಂದರೆ ಸಿಪ್ಪೆ.

ಹೌದು, ನಮ್ಮ ರೇಷ್ಮೆ ಸೊಪ್ಪಿನ ಗಿಡವೇ, ಅದರ ಬೇರಿನ ತೊಗಟೆ. ನಾನು ಹುಳ ಸಾಕುವ ಮನೆಯಲ್ಲಿ ಬೆಳೆದವನು. ಹಳೇ ತೋಟ ಕಿತ್ತು ಹಾಕಿದಾಗ ಬೇರುಗಳು ಅರಿಶಿನದ ಕೊಂಬಿನ ಹಾಗೆ ಹಳದಿಯಾಗಿ ಬಿದ್ದಿರುತ್ತಿದ್ದವು. ಒಣಗಿದ ಮೇಲೆ ಸೀದಾ ಹಂಡೆ ಒಲೆಗೆ. ಔಷಧಿಯಲ್ಲಿ ನೀರು ಕಾಯಿಸಿ ಸ್ನಾನ ಮಾಡಿದ್ದೇವೆ ಅಂತ ಗೊತ್ತಾಗಿದ್ದು ಬಹಳ ವರ್ಷ ಆದ ಮೇಲೆ.

ಚೀನಾದಲ್ಲಿ ಎಲೆ ಉದುರಿದ ಮೇಲೆ, ಮತ್ತೆ ಚಿಗುರು ಒಡೆಯುವುದರೊಳಗೆ ಬೇರು ಅಗೆಯುತ್ತಾರೆ. ಮೇಲಿನ ಹಳದಿ ಪದರವನ್ನು ಹೆರೆದು ತೆಗೆಯುತ್ತಾರೆ. ಒಳಗಿನ ಬಿಳಿ ತೊಗಟೆಯನ್ನು ಉದ್ದಕ್ಕೆ ಸೀಳಿ, ಸುಲಿದು, ಬಿಸಿಲಿಗೆ ಹಾಕುತ್ತಾರೆ. ಹಳೇ ವೈದ್ಯರಿಗೆ ಒಂದು ಭಯವಿತ್ತು. ಮಣ್ಣಿನಿಂದ ಮೇಲೆದ್ದು ಕಾಣುವ ಬೇರನ್ನು ಮುಟ್ಟಬಾರದು, ಅದು ಜೀವ ತೆಗೆಯುತ್ತದೆ ಅಂತ ಬರೆದಿಟ್ಟಿದ್ದಾರೆ.

ಕೊಡುವುದು ಯಾವುದಕ್ಕೆ? ಕೆಮ್ಮು, ಉಬ್ಬಸ, ಮೈ ಊತ. ಶ್ವಾಸಕೋಶದಲ್ಲಿ ಉಷ್ಣ ಏರಿದೆ, ಅದನ್ನು ಇಳಿಸಬೇಕು ಅನ್ನುವ ಲೆಕ್ಕ. ಉಷ್ಣ, ಶೀತ ಅಂತ ಮಾತಾಡುವ ನಮಗೆ ಇದು ತೀರಾ ಹೊಸದಲ್ಲ ಅಲ್ವಾ? ನೀರು ತುಂಬಿದ ಊತಕ್ಕೆ ಹುರಿಯದ ತೊಗಟೆ. ಒಣ ಕೆಮ್ಮಿಗೆ ಜೇನು ಬೆರೆಸಿ ಹುರಿದದ್ದು. 100 ಕಿಲೋ ತೊಗಟೆಗೆ 25 ಕಿಲೋ ಜೇನು ಲೆಕ್ಕ, ಕೈಗೆ ಅಂಟದ ಹಾಗೆ ಹುರಿಯಬೇಕು.

ಸುಮಾರು 900 ವರ್ಷದ ಹಿಂದೆ ಸೋಂಗ್ ರಾಜರ ಕಾಲದಲ್ಲಿ ಚಿಯೆನ್ ಯಿ ಎಂಬ ಮಕ್ಕಳ ವೈದ್ಯ ಇದ್ದ. ಮಕ್ಕಳ ಕೆಮ್ಮಿಗೆ ಅವನು ಮಾಡಿದ ಕಷಾಯದಲ್ಲಿ ಎರಡು ಬೇರಿನ ತೊಗಟೆಗಳಿವೆ. ಒಂದು ಇದು. ಇನ್ನೊಂದು, ಈಗ ಸೂಪರ್ ಮಾರ್ಕೆಟ್‌ನಲ್ಲಿ ಗೋಜಿ ಬೆರ್ರಿ ಅಂತ ಮಾರುತ್ತಾರಲ್ಲ, ಆ ಗಿಡದ್ದು. ಜೊತೆಗೆ ಜೇಷ್ಠಮಧು, ಒಂದಿಷ್ಟು ಅಕ್ಕಿ. ಅಕ್ಕಿ ಯಾಕೆ ಅಂದರೆ ಮಗುವಿನ ಹೊಟ್ಟೆ ಕೆಡದಿರಲಿ ಅಂತ. ಆ ಅಕ್ಕಿ ನೋಡಿ ನನಗೆ ಈ ವೈದ್ಯನ ಮೇಲೆ ಪ್ರೀತಿ ಬಂತು.

ಊತಕ್ಕೆ ಐದು ಸಿಪ್ಪೆಗಳ ಪುಡಿ ಅಂತ ಇನ್ನೊಂದಿದೆ. ಹಿಪ್ಪುನೇರಳೆ ಬೇರಿನದು, ಶುಂಠಿಯದು, ಕಿತ್ತಳೆಯದು, ಪೈನ್ ಮರದ ಬೇರಲ್ಲಿ ಬೆಳೆಯುವ ಒಂದು ಶಿಲೀಂಧ್ರದ್ದು, ಐದನೆಯದು ಅಡಿಕೆ ಸಿಪ್ಪೆ. ಮಲೆನಾಡಿನವರು ಯಾರಾದರೂ ಇದ್ದರೆ ನಗಬೇಡಿ. ನೀವು ರಸ್ತೆ ಬದಿಗೆ ಸುರಿಯುವ ಅದೇ ಸಿಪ್ಪೆ.

ಈಗ ಒಂದು ಕಥೆ. ಟಾಂಗ್ ವಂಶದ ಇತಿಹಾಸದಲ್ಲೇ ದಾಖಲಾಗಿದೆ. ಕ್ರಿ.ಶ. 693. ಸಾಮ್ರಾಜ್ಞಿ ವು ತ್ಸೆತಿಯೆನ್ ಆಳುತ್ತಿದ್ದಾಳೆ. ಅವಳ ಮಗ ಲೀ ದಾನ್ ಮೇಲೆ ರಾಜದ್ರೋಹದ ಆರೋಪ ಬಂತು. ಅವನ ಸೇವಕರನ್ನು ಹಿಡಿದು ಹಿಂಸೆ ಕೊಟ್ಟರು. ಅವರಲ್ಲಿ ಆನ್ ಜಿನ್‌ತ್ಸಾಂಗ್ ಎಂಬುವನು, ರಾಜಕುಮಾರ ದ್ರೋಹ ಮಾಡಿಲ್ಲ, ನನ್ನ ಮಾತು ನಂಬದಿದ್ದರೆ ಎದೆ ಬಗೆದು ತೋರಿಸುತ್ತೇನೆ ಅಂದವನೇ ಹೊಟ್ಟೆಗೆ ಚೂರಿ ಹಾಕಿಕೊಂಡುಬಿಟ್ಟ. ಕರುಳು ಹೊರಗೆ ಬಂತು. ಸುದ್ದಿ ತಿಳಿದ ಸಾಮ್ರಾಜ್ಞಿ ಅವನನ್ನು ಅರಮನೆಗೆ ತರಿಸಿದಳು. ವೈದ್ಯರು ಕರುಳನ್ನು ಒಳಗೆ ಸೇರಿಸಿ ಹೊಲಿದರು. ಯಾವ ದಾರದಿಂದ? ಈಗ ನಿಮ್ಮ ಕೈಯಲ್ಲಿದೆಯಲ್ಲ, ಆ ನಾರಿನಿಂದ. ಮೇಲೆ ಔಷಧಿ ಹಚ್ಚಿದರು. ಒಂದು ರಾತ್ರಿ ಕಳೆದು ಅವನು ಕಣ್ಣು ಬಿಟ್ಟ. ತನಿಖೆ ನಿಂತಿತು, ರಾಜಕುಮಾರ ಉಳಿದುಕೊಂಡ.

ಆದರೆ ಇದರಿಂದ ಅಸ್ತಮಾ ವಾಸಿಯಾಗುತ್ತದೆ ಅಂತ ನಾನು ಹೇಳಲಾರೆ. ಚೀನೀ ವೈದ್ಯದಲ್ಲಿ ಇದನ್ನು ಒಂಟಿಯಾಗಿ ಕೊಡುವುದೇ ಕಡಿಮೆ. ನಾಲ್ಕೈದು ಸಾಮಾನು ಸೇರಿಸಿ ಕುದಿಸಿದ ಕಷಾಯದಲ್ಲಿ ಕೆಲಸ ಮಾಡಿದ್ದು ಯಾವುದು ಅಂತ ಹೇಳುವುದು ಕಷ್ಟ.

ಇದೇ ತೊಗಟೆಯಿಂದ ಬೇರೊಂದು ದಾರಿ ಮಾತ್ರ ಗಟ್ಟಿಯಾಗಿ ತೆರೆಯಿತು. 1976ರಲ್ಲಿ ಜಪಾನಿನ ವಿಜ್ಞಾನಿಗಳು ಇದರಿಂದ ಡಿಯಾಕ್ಸಿನೊಜಿರಿಮೈಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಹೆಸರು ಮರೆತುಬಿಡಿ, ವೇಷ ನೆನಪಿಟ್ಟುಕೊಳ್ಳಿ. ನೋಡಲು ಇದು ಗ್ಲೂಕೋಸ್ ತರಹವೇ. ಉಂಗುರದಲ್ಲಿ ಆಮ್ಲಜನಕ ಇರಬೇಕಾದ ಕಡೆ ಸಾರಜನಕ ಕೂತಿದೆ, ಅಷ್ಟೇ. ಸಕ್ಕರೆ ಒಡೆಯುವ ಕಿಣ್ವ ಇದನ್ನು ಸಕ್ಕರೆ ಅಂದುಕೊಂಡು ಹಿಡಿದು, ಸಿಕ್ಕಿಹಾಕಿಕೊಳ್ಳುತ್ತದೆ. ಅದನ್ನೇ ಸ್ವಲ್ಪ ತಿದ್ದಿ ಮಿಗ್ಲಿಟಾಲ್ ಎಂಬ ಮಾತ್ರೆ ಮಾಡಿದರು. ಅಮೆರಿಕದಲ್ಲಿ 1996ರಲ್ಲಿ ಒಪ್ಪಿಗೆ ಸಿಕ್ಕಿತು. ಸಕ್ಕರೆ ಕಾಯಿಲೆಯವರು ಊಟದ ಮೊದಲ ತುತ್ತಿನ ಜೊತೆ ನುಂಗುತ್ತಾರೆ. ಅನ್ನದ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಇಳಿಯುತ್ತದೆ. ಜೀರ್ಣವಾಗದೆ ಉಳಿದದ್ದು ದೊಡ್ಡ ಕರುಳಲ್ಲಿ ಹುಳಿತು ಗ್ಯಾಸ್ ಆಗುತ್ತದೆ, ಅದು ಬೇರೆ ಫಜೀತಿ.

ಗಿಡ ಇದನ್ನು ಮಾಡಿಕೊಂಡಿದ್ದು ನಮಗಾಗಿಯೇನೂ ಅಲ್ಲ. ಸೊಪ್ಪಿನ ತೊಟ್ಟು ಮುರಿದರೆ ಹಾಲು ಬರುತ್ತದಲ್ಲ, ಅದರಲ್ಲೂ ಇದೇ ಜಾತಿಯ ವಸ್ತುಗಳು ತುಂಬಿವೆ. 2006ರಲ್ಲಿ ಜಪಾನಿನಲ್ಲೇ ನೋಡಿದರು. ಹರಳು ಎಲೆ ತಿಂದು ಬದುಕುವ ಎರಿ ರೇಷ್ಮೆ ಹುಳಕ್ಕೆ ಹಿಪ್ಪುನೇರಳೆ ಎಲೆ ವಿಷವಾಯಿತು. ನಮ್ಮ ರೇಷ್ಮೆ ಹುಳಕ್ಕೆ ಮಾತ್ರ ಏನೂ ಆಗಲಿಲ್ಲ. ಅದರ ಹೊಟ್ಟೆಯ ಕಿಣ್ವ ಈ ಮೋಸಕ್ಕೆ ಬೀಳುವುದಿಲ್ಲ. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳ ಮಳೆ ಸುರಿದ ಹಾಗೆ ಸದ್ದು ಮಾಡುತ್ತಾ ಸೊಪ್ಪು ತಿನ್ನುವುದನ್ನು ಕೇಳಿ ಬೆಳೆದವನು ನಾನು. ವಿಷ ತಿನ್ನುತ್ತಿದೆ ಅಂತ ಯಾರಿಗೆ ಗೊತ್ತಿತ್ತು!

ತಟ್ಟೆ ಕೊನೇ ಸಾಲಿಗೆ ಬಂತು ಅನ್ನಿಸುತ್ತದೆ. ದಯವಿಟ್ಟು ಯಾರೂ ಚೂರನ್ನು ಮನೆಗೆ ಒಯ್ದು ಕಷಾಯ ಮಾಡಬೇಡಿ. ಒಣಗಿದ ಮೇಲೆ ಬೇರಿನ ತೊಗಟೆಗಳೆಲ್ಲ ಒಂದೇ ತರಹ ಕಾಣುತ್ತವೆ. ಚೀನಾದಲ್ಲೇ ಶಿಯಾಂಗ್ ಜಿಯಾ ಪೀ ಅಂತ ಒಂದಿದೆ, ಹೃದಯದ ಬಡಿತ ಕೆಡಿಸುವ ವಿಷ ಅದರಲ್ಲಿದೆ. ವು ಜಿಯಾ ಪೀ ಎಂಬ ಟಾನಿಕ್ ತೊಗಟೆ ಅಂದುಕೊಂಡು ಅದನ್ನು ತೆಗೆದುಕೊಂಡವರಿದ್ದಾರೆ. ಸುಮ್ನೆ ಇನ್ನೊಂದು ಸಲ ಹರಿದು ನೋಡಿ, ಆ ನಾರು ಹೊಲಿಗೆಯ ಎಳೆತ ತಡೆದೀತಾ ಹೇಳಿ. ಆಮೇಲೆ ಪ್ರಶ್ನೆ ಕೇಳುವಿರಂತೆ.